ಹಲ್ಲಿನಲ್ಲಿ ಕೇಳುವವನು

ಕಡಲನ್ನೇ ಕಾಣದ ಈ ಊರಿಗೆ ಹಡಗಿನ ಕಂಟೇನರೊಂದು
ಹೇಗೋ ಬಂದು ಚೊಯ್ಜಿಲನ ಗ್ಯಾರೇಜಾಯಿತು.
ಅದರೊಳಗೆ ಏಪ್ರಿಲಿನಿಂದ ಎರಡು ಮುದಿ ಪ್ಲಾನೆಟಾ ಬೈಕುಗಳು
ಹೊಟ್ಟೆ ಬಿಚ್ಚಿಕೊಂಡು ಮಲಗಿವೆ.
ಹೊರಗೆ ಅರ್ವೈಖೇರಿನ ಗಾಳಿ
ದಿನವಿಡೀ ತಗಡಿನ ಮೇಲೆ ಮರಳು ಕೇರುತ್ತದೆ.

ಖೋವ್ದಿಗೆ ಟಾರು ರಸ್ತೆ ಇದೆಯಲ್ಲ, ಅನ್ನುತ್ತಾರೆ ಎಲ್ಲರೂ.
ಇದೆ.
ನಾವು ಅದರಲ್ಲಿ ಹೋಗುತ್ತಿಲ್ಲ.
ಲಾರಿಗಳೂ ಮರೆತ ಹಳೆಯ ಜಾಡು ನಮ್ಮದು,
ಎಷ್ಟು ದೂರ ಅಂದರೆ ಒಬ್ಬೊಬ್ಬ ಡ್ರೈವರನದು ಒಂದೊಂದು ಲೆಕ್ಕ:
ಒಬ್ಬ ಒಂಬತ್ತು ದಿನ ಅಂದ,
ಇನ್ನೊಬ್ಬ, ಬಹಳ ಯೋಚಿಸಿ, ನಾಲ್ಕು ಟ್ಯೂಬು ಅಂದ.

ಉಲಾನ್‌ಬಾತರಿನ ಸಂತೆಯಿಂದ ಪಿಸ್ಟನ್ ಉಂಗುರ ಬಂತು,
ಒಂದು ಸರಿ, ಒಂದು ದೊಡ್ಡದು.
ದೊಡ್ಡದನ್ನು ಮೂರು ರಾತ್ರಿ ಅರದಿಂದ ಉಜ್ಜಿದೆವು,
ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು.
ಗಾಳಿಯ ಫಿಲ್ಟರಿಗೆ ಅವನ ಡೇರೆಯ ಕಂಬಳಿಯ ತುಂಡು.
ನದಿ ದಾಟುವಾಗ ಮೆಗ್ನೆಟೊಗೆ ಸುತ್ತಲು
ಹಿಟ್ಟಿನ ಪ್ಲಾಸ್ಟಿಕ್ ಚೀಲ.
ಚೈನುಗಳನ್ನು ಎಣ್ಣೆಯಲ್ಲಿ ಕಾಯಿಸಿದ್ದು
ನನ್ನ ಹೆಂಡತಿ ಯಾದಮ್ ಬೂಜ್ ಬೇಯಿಸುವ ಪಾತ್ರೆಯಲ್ಲಿ.
ಅವಳು ಮುಚ್ಚಳ ತೆಗೆದಳು, ನೋಡಿದಳು, ಮುಚ್ಚಿದಳು:
'ಇನ್ನು ಮೇಲೆ ಇದರಲ್ಲಿ ನೀವಿಬ್ಬರೇ ಉಣ್ಣಿ.'

ಅವನು ತುಂಬುತ್ತಾನೆ, ನಾನು ತೆಗೆಯುತ್ತೇನೆ.
ಇನ್ನೊಂದು ಕಿಕ್ಕರು, ಇನ್ನೊಂದು ಸ್ಪ್ರಿಂಗು,
ಕುದುರೆಯ ಲಾಳ ಬಡಿಯುವ ಸುತ್ತಿಗೆ (ಕುದುರೆಯೆಲ್ಲಿ, ಮಾರಾಯ?)
ಬೆಳಿಗ್ಗೆ ಬಂದು ನೋಡಿದರೆ ಸುತ್ತಿಗೆ ಮತ್ತೆ ಚೀಲದಲ್ಲಿ.
ಜಗಳವಾಡಿ ನೋಡಿದೆ. ಜಪ್ಪಯ್ಯ ಅನ್ನಲಿಲ್ಲ.

ಮೇ ತಿಂಗಳ ಒಂದು ಸಂಜೆ ನನ್ನ ಬೈಕು ಮೊದಲು ಉಸಿರಾಡಿತು.
ಸೈಲೆನ್ಸರಿಲ್ಲ, ಬರೀ ಕೊಳವೆ;
ಬೀದಿಯ ನಾಯಿಗಳೆಲ್ಲ ಒಮ್ಮೆಗೇ ಎದ್ದವು.
ಅವನ ಬೆನ್ನ ಹಿಂದೆಯೇ ನಿಂತು ತಿರುವಿದೆ, ತಿರುವಿದೆ.
ಚೊಯ್ಜಿಲ ಬಾಗಿ ಕಡ್ಡಿ ಎಣಿಸುತ್ತಲೇ ಇದ್ದ.

ನೆಲ ನಡುಗಿದ್ದಕ್ಕೆ ತಿರುಗಿದನೋ ಏನೋ.
ಬಂದ, ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನಿಗೆ ಊರಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿದ.
ಕಣ್ಣು ಮುಚ್ಚಿ ಬಹಳ ಹೊತ್ತು.
ಇಪ್ಪತ್ತು ವರ್ಷ ಅವನು ಹಾಗೆ ಮಾಡುವುದನ್ನು ನೋಡಿದ್ದೇನೆ,
ಸ್ಟೈಲು ಅಂದುಕೊಂಡಿದ್ದೆ.

'ಎಡಗಡೆ ಬೇರಿಂಗು,' ಅಂದ. ಸರಿಯಾಗಿಯೇ ಹೇಳಿದ.
ಎಂಜಿನ್ ಆರಿಸಿ, ತುಟಿ ಅಗಲಿಸಿ ಕೇಳಿದೆ: ಯಾವಾಗಿನಿಂದ?
'ಗಣಿಯಲ್ಲಿ ಹನ್ನೊಂದು ವರ್ಷ ಕೊರೆದೆ,
ಗುಡ್ಡ ಇಟ್ಟುಕೊಂಡಿತು.'
ಯಾರದೋ ಕೊಡೆಯ ಮಾತು ಹೇಳಿದ ಹಾಗೆ.

ಆ ರಾತ್ರಿ ನಾನು ಏನನ್ನೂ ಚೀಲದಿಂದ ತೆಗೆಯಲಿಲ್ಲ.
ಮರುದಿನ ಅವನ ತಂಗಿ ಸೂರೆನ್ ತನ್ನ ಪೌಡರು ಡಬ್ಬಿಯ
ಅಂಗೈಯಗಲದ ಕನ್ನಡಿ ಕಿತ್ತುಕೊಟ್ಟಳು.
ಅವನ ಹ್ಯಾಂಡಲಿಗೆ ತಂತಿ ಬಿಗಿದು ಕೂರಿಸಿದೆವು.
ಅವನು ಮುಂದೆ, ನಾನು ಹಿಂದೆ.
ನನ್ನ ದೀಪ ಒಂದು ಸಲ ಮಿಟುಕಿದರೆ ನಿಧಾನ,
ಎರಡು ಸಲಕ್ಕೆ ಚಹಾ,
ಮೂರು ಸಲಕ್ಕೆ ಬಿದ್ದಿದ್ದೇನೆ, ಬಾ.
ಬಿದ್ದವನು ದೀಪ ಹೇಗೆ ಮಿಟುಕಿಸುತ್ತಾನೆಂದು
ಸೂರೆನ್ ಕೇಳಿದಳು.
ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಇಪ್ಪತ್ತೈದಕ್ಕೆ ಒಂದರಂತೆ ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದಾಗಿದೆ.
ಹೊರಡುವ ಬೆಳಿಗ್ಗೆ; ನೀರಿಗಿನ್ನೂ ತೆಳು ಮಂಜಿನ ಪೊರೆ.
ಸೂರೆನ್ ಮರದ ಸೌಟಿನಿಂದ ಹಾಲು ಚಿಮುಕಿಸುತ್ತಾಳೆ
ಚಕ್ರಕ್ಕೆ, ಆಕಾಶಕ್ಕೆ, ನನ್ನ ಮಂಡಿಗೆ.
'ಚೈನಿಗೆ ತುಕ್ಕು ಹಿಡಿಯುತ್ತೆ,' ಚೊಯ್ಜಿಲ ಗೊಣಗಿದ.
ಒರೆಸಲಿಲ್ಲ.

ಕಂಟೇನರಿನ ಬಾಗಿಲು ಎಳೆಯುವಾಗ ಕಂಡೆ:
ನೆಲದ ಮೇಲೆ ಒಂದು ವಾಷರು.
ಯಾವ ಬೈಕಿನದೋ. ಎಲ್ಲ ಬಿಗಿದಾಗಿದೆ.
ಸದ್ದಿಲ್ಲದೆ ಎತ್ತಿ ಜೇಬಿಗೆ ಹಾಕಿಕೊಂಡೆ
(ಸದ್ದು ಮಾಡಿದ್ದರೂ ಆಗುತ್ತಿತ್ತು)
ತಲೆಯೆತ್ತಿದರೆ, ಪೌಡರಿನ ಪುಡಿ ಅಂಚಿಗಂಟಿದ ಕನ್ನಡಿಯಲ್ಲಿ
ಅವನ ಎರಡು ಕಣ್ಣು.

ತಿರುಗಿ ನೋಡದೆ ಕಿಕ್ಕರ್ ತುಳಿದ.