ಕಂಠದಲ್ಲಿ ಹೆಸರು

ದುರ್ಗಿಗುಡಿಯ ಕಚೇರಿ, ಎರಡನೇ ಮಹಡಿ.
ಒಂದೇ ಕಬ್ಬಿಣದ ಕಪಾಟಿನಲ್ಲಿ ಎರಡು ಸರ್ವರ್.
ಒಂದು ಅಸಲಿ, ಊರಿಗೆಲ್ಲ ನೀರಿನ ಬಿಲ್ಲು ಕಳಿಸುವುದು.
ಇನ್ನೊಂದು ತಾಲೀಮಿನದು, ತಪ್ಪು ಮಾಡಲೆಂದೇ ಇಟ್ಟದ್ದು.
ಅದರ ಡಿಸ್ಕಿನಿಂದ ಇದರ ಪಡಿಯಚ್ಚು ತೆಗೆದವಳು ನಾನೇ.
ಫ್ಯಾನಿನ ಸದ್ದೂ ಒಂದೇ, ಧೂಳೂ ಒಂದೇ.

ಎರಡರಲ್ಲೂ ಓಡುವ ಸ್ಕ್ರಿಪ್ಟು ಅದೇ ಆದ್ದರಿಂದ
ಮೊದಲ ಸಾಲಿನಲ್ಲೇ ಅದು ಕೇಳಬೇಕು:
ನಾನೀಗ ಯಾವುದರೊಳಗೆ ಇದ್ದೇನೆ?
ಮೂರು ವರ್ಷ ಕೇಳಿತು, ಉತ್ತರವೂ ಬಂತು.
ಆ ಉತ್ತರ ಎಲ್ಲಿಂದ ಬರುತ್ತದೆಂದು
ನಾನು ಕೇಳಿರಲಿಲ್ಲ.

ಆಮೇಲೆ ಆ ಮಂಗಳವಾರ.
ತಾಲೀಮಿನ ಮಿಷನ್ನು ತಾನೇ ಅಸಲಿಯೆಂದು ನಂಬಿ
ಹನ್ನೊಂದು ಸಾವಿರ ಮೊಬೈಲಿಗೆ ಬರೆಯಿತು:
ಬಾಕಿ ಕಟ್ಟಿಲ್ಲ. ನಾಳೆಯಿಂದ ನಲ್ಲಿ ಬಂದ್.
ಟ್ಯಾಂಕ್ ಮೊಹಲ್ಲಾದ ಜುಬೇದಮ್ಮನ ಫೋನು:
"ಹೋದ ವಾರವೇ ಕಟ್ಟಿದೀನಲ್ಲಮ್ಮ, ರಸೀದಿ ಕೈಯಲ್ಲೇ ಇದೆ."
ಆಚೆ ಬಿಂದಿಗೆಗಳ ಸದ್ದು. ತುಂಬಿಡುತ್ತಿದ್ದರು
ಇದ್ದಬದ್ದದ್ದಕ್ಕೆಲ್ಲ, ಟೀ ಲೋಟಕ್ಕೂ.

ರಾತ್ರಿ ಕೂತು ಬಗೆದು ನೋಡಿದೆ.
ಹೆಸರು ಹೇಳು ಎಂದರೆ ಮಿಷನ್ನು
ತನ್ನ ಹೆಸರು ಹೇಳುತ್ತಿರಲಿಲ್ಲ;
ಬಾಗಿಲು ತಟ್ಟಿದವರು ಏನೆಂದು ಕೂಗಿದರೋ
ಅದನ್ನೇ ತಿರುಗಿ ಒಪ್ಪಿಸುತ್ತಿತ್ತು.
ಯಾರೂ ತಟ್ಟದ ರಾತ್ರಿ ಎರಡಕ್ಕೆ
ಗಡಿಯಾರ ಎಬ್ಬಿಸಿ ಮಾಡಿಸುವ ಕೆಲಸದಲ್ಲಂತೂ
ಹೆಸರಿನ ಜಾಗ ಬರೀ ಖಾಲಿ.
ವಿಳಾಸ ನಂಬೋಣವೆಂದರೆ, ಹೊಸ ತಂತಿ ಎಳೆದ ದಿನ ಅದು ಬದಲು.
ಒಳಹೆಸರು ಕೇಳಿದೆ. ಪಡಿಯಚ್ಚಲ್ಲವೇ,
ಎರಡೂ ಒಂದೇ ದನಿಯಲ್ಲಿ "ತುಂಗಾ" ಎಂದವು.

ಮರುದಿನ ಗಾಂಧಿ ಬಜಾರು. ಗೆಳತಿಯ ಮದುವೆಗೆ
ಸ್ಟೀಲಿನ ಕೊಳಗ ಕೊಂಡೆ.
ಹೆಸರು ಕೊರೆಯುವ ಚೆನ್ನವೀರಾಚಾರ್
ಕಂಠಕ್ಕೆ ಸೂಜಿ ಹಚ್ಚುತ್ತ ಅಂದರು:
"ಮುಚ್ಚಳದ ಮೇಲೆ ಬೇಡ ಮೇಡಂ, ಮುಚ್ಚಳ ಊರು ಸುತ್ತತ್ತೆ.
ಒಂದೇ ಅಚ್ಚಲ್ಲಿ ನೂರು ಕೊಳಗ ಬರ್ತವೆ.
ಊಟದ ಮನೆಯಿಂದ ವಾಪಸ್ ಬರೋದು
ಮೈಮೇಲೆ ಬರೆಸ್ಕೊಂಡಿದ್ದು ಮಾತ್ರ."
ಟರ್ರ್ ಎಂದಿತು ಸೂಜಿ. ಅವರ ಬೆರಳ ಮೇಲೆ ಉಕ್ಕಿನ ಪುಡಿ.

ಸ್ಕ್ರಿಪ್ಟಿನ ಜೊತೆ ಓಡಾಡದ ಒಂದು ಮೂಲೆಯಲ್ಲಿ
ಎರಡಕ್ಕೂ ಒಂದೊಂದು ಫೈಲು, ಫೈಲಿಗೆ ಒಂದೇ ಪದ.
ಕೀಬೋರ್ಡಿನ ತಂತಿ ಇದರಿಂದ ಕಿತ್ತು ಅದಕ್ಕೆ ಚುಚ್ಚಿ
ಕೈಯಾರೆ ಬರೆದೆ.
ಮುಂದೆ ಯಾರಾದರೂ ಪಡಿಯಚ್ಚು ತೆಗೆದರೆ
ಮೊದಲು ಇದನ್ನು ಅಳಿಸಿ ಎಂದು ಕಪಾಟಿಗೆ ಚೀಟಿ.
ಸ್ಕ್ರಿಪ್ಟಿಗೂ ಒಂದು ಸಾಲು:
ಫೈಲು ಸಿಗದಿದ್ದರೆ ನೀನು ಅಸಲಿಯಲ್ಲ.
ಯಾರಿಗೂ ಏನೂ ಬರೆಯಬೇಡ, ಸುಮ್ಮನಿರು,
ಬೆಳಿಗ್ಗೆ ನಾನು ಬರುತ್ತೇನೆ.

ಶನಿವಾರ ಮತ್ತೆ ಜುಬೇದಮ್ಮ.
"ಯಾರು ಮಾತಾಡೋದು?"
"ನೀರಿನ ಆಫೀಸು."
"ಅದು ಗೊತ್ತಮ್ಮ, ಆ ನಂಬರ್ ಒತ್ತಿದ್ದು ನಾನೇ ತಾನೆ.
ನೀನ್ಯಾರು?"

ಒಂದು ಗಳಿಗೆ ತಡವಾಯಿತು ನನಗೆ.