ಎರಡನೆಯ ಗುಂಡು

ವೀರಾಜಪೇಟೆಯ ಗಡಿಯಾರ ಕಂಬದಿಂದ ಕೆಳಗೆ,
ಹೊಲಿಗೆಯಂತ್ರ ರಿಪೇರಿಯವನ ಪಕ್ಕದ ಬಾಗಿಲು.
ಆಲಿಕುಟ್ಟಿ ಮೇಜಿನ ಮೇಲೆ ಹಸಿರು ಕಂಬಳಿ ಹಾಸಿ
ಎರಡು ಕೋವಿ ಮಲಗಿಸಿದ.
"ಎರಡೂ ಒಳ್ಳೇವೇ ಅಮ್ಮ. ಅದೇ ಕಷ್ಟ."

ಒಂದಕ್ಕೆ ಅಕ್ರೋಟು ಮರದ ಬುಡ,
ಮೈತುಂಬ ಹೊಳೆ ಹರಿದ ಗೆರೆ,
ಕೆನ್ನೆ ಒರಗಲು ಎಡಮಗ್ಗುಲಲ್ಲೊಂದು ಉಬ್ಬು.
ಎರಡು ಕಿಲೋ ಎಂಟುನೂರು.
ಇನ್ನೊಂದು ಬೂದು ಫೈಬರು,
ನಳಿಗೆ ಮಳೆಗೆ ಹೆದರದ ಉಕ್ಕು.
ಎರಡು ಕಿಲೋ ನಾನೂರು.
ನಡುವಿನ ವ್ಯತ್ಯಾಸ ನಾಲ್ಕು ಕಿತ್ತಳೆ,
ಸಿಪ್ಪೆ ಸಮೇತ.

ಚೀಟಿಯಲ್ಲಿ 'ಬೇಟೆಕೋವಿ' ಎಂದಿದೆ.
ಬೇಟೆ ಎಲ್ಲಿ? ನನ್ನ ಮದುವೆಗೆ ಮೊದಲೇ ಕಾನೂನು ಬಂತು.
ಹಂದಿ ಈಗ ರಾತ್ರಿ ಅಂಗಳಕ್ಕೇ ಬಂದು
ಕೆಸುವಿನ ಗಡ್ಡೆ ತೋಡಿ ನಿಧಾನಕ್ಕೆ ಹೋಗುತ್ತದೆ,
ಬಾಡಿಗೆ ವಸೂಲಿಗೆ ಬಂದ ಧಣಿಯಂತೆ.
ನಾವು ಹೊಡೆಯುವುದು ಕೈಲ್ ಪೊಳ್ದಿನ ದಿನ,
ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ.
ಅದು ಓಡುವುದಿಲ್ಲ. ಆದರೂ ತಪ್ಪುತ್ತದೆ.

ಮನೆಯಲ್ಲಿರುವುದು ಅಜ್ಜನ ಜೋಡಿನಳಿಗೆ,
ಕನ್ನಿ ಕೋಂಬರೆಯ ಗೋಡೆಗೆ ಒರಗಿದೆ.
ವರ್ಷಕ್ಕೊಮ್ಮೆ ಎಣ್ಣೆ, ಗಂಧ, ತೋಕ್ ಪೂ.
ಎತ್ತಿದರೆ ಬಲಭುಜದೊಳಗೆ ಏನೋ ಹರಿಯುತ್ತದೆ.
ಪಳಂಗಪ್ಪಣ್ಣ ತೀರಿಕೊಂಡ ಬೆಳಗ್ಗೆ
ಅದನ್ನೇ ಎತ್ತಿದೆ. ಇನ್ನೂ ಯಾರೂ ಬಂದಿರಲಿಲ್ಲ.
ಹುಟ್ಟಿಗೆ ಒಂದು, ಸಾವಿಗೆ ಎರಡು,
ಊರಿಗೆಲ್ಲ ಗೊತ್ತಿರುವ ಲೆಕ್ಕ.
ಮೊದಲನೆಯದು ಹಾರಿತು.
ಎರಡನೆಯದು ಟಕ್ ಎಂದಿತು, ಅಷ್ಟೆ.
ತೋಟಾಕ್ಕೆ ಶೀತ ಹಿಡಿದಿತ್ತು.
ಹೊಳೆಯಾಚೆಯಿಂದ ಫೋನು ಬಂತು:
"ಯಾರಿಗೆ ಮಗುವಾಯಿತು? ಗಂಡೋ?"
ನಾನು ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ.
ಎಂಬತ್ತೊಂದು ವರ್ಷದ ಅಣ್ಣ
ಆ ಸ್ವಲ್ಪ ಹೊತ್ತು, ಹೊಳೆಯಾಚೆ,
ತೊಟ್ಟಿಲಲ್ಲಿದ್ದ.

ಅದಕ್ಕೇ ಈ ಅಂಗಡಿ.

ಮರದ್ದರ ಬೋಲ್ಟ್ ಎಳೆದೆ.
ಅಡುಗೆಮನೆಯ ಹಳೆ ಅಗುಳಿ ಅದು,
ಎಣ್ಣೆಗೈ ಮುಟ್ಟಿ ಮುಟ್ಟಿ ನುಣುಪಾದದ್ದು.
ಫೈಬರಿನದು ಚುಟುಕು, ಕಂಡಕ್ಟರ್ ಚೀಟಿ ಹರಿದಂತೆ.
"ಹಗುರಾದದ್ದು ಜಾಸ್ತಿ ಒದೆಯುತ್ತೆ," ಆಲಿಕುಟ್ಟಿ ಎಚ್ಚರಿಸಿದ,
"ಭಾರ ಇದ್ದರೆ ಅರ್ಧ ಪೆಟ್ಟು ಕೋವಿಯೇ ತಿನ್ನುತ್ತೆ,
ಇಲ್ಲದಿದ್ದರೆ ಪೂರಾ ನಿಮಗೆ."
ಗೊತ್ತು ಮಾರಾಯ.
ಮನೆಯ ಭಾರದವರೆಲ್ಲ ಹೋದಮೇಲೆ
ಒಂದೊಂದು ಮಾತೂ ನೇರ ಭುಜಕ್ಕೇ ಬರುತ್ತದೆ.

ನನ್ನ ಕೈ ಮರದ ಕಡೆಗೇ ಇತ್ತು, ಒಪ್ಪುತ್ತೇನೆ.
ಚೆಕ್ ಪುಸ್ತಕ ತೆರೆದೂ ಆಗಿತ್ತು.
ಆಗ ಪೊನ್ನವ್ವ ಒಳಗೆ ಬಂದಳು, ಅಣ್ಣನ ಮೊಮ್ಮಗಳು,
ಕೈಯಲ್ಲಿ ಅರ್ಧ ತಿಂದ ಪಫ್ಸು.
ಬೆರಳು ಜೀನ್ಸಿಗೆ ಒರೆಸಿ
ಮರದ್ದನ್ನು ಎತ್ತಿ ಎಡಭುಜಕ್ಕೆ ಕೊಟ್ಟಳು.
ಮರೆತೇ ಹೋಗಿತ್ತು, ಇವಳು ಎಡಚಿ.
ಆ ಚೆಂದದ ಉಬ್ಬು ಆಚೆ ಬದಿ ಉಳಿಯಿತು,
ಬೇರೆ ಯಾರದೋ ಕೆನ್ನೆಗೆ ಕಾದು.
ಇಳಿಸಿದಳು. ಇನ್ನೊಂದನ್ನು ಎತ್ತಿದಳು.
ಅದಕ್ಕೆ ಎಡಬಲದ ಭೇದವಿಲ್ಲ, ಬೋಲ್ಟ್ ಒಂದು ಬಿಟ್ಟು.
ಎಡಗೈಯನ್ನು ಕೋವಿಯ ಮೇಲಿಂದ ದಾಟಿಸಿ,
ಕಣ್ಣು ಗುರಿಯಿಂದ ಕೀಳದೆ,
ಎತ್ತಿ, ಎಳೆದು, ತಳ್ಳಿ, ಮಡಚಿದಳು.
ನಿದ್ದೆಯಲ್ಲೇ ಮಗುವಿನ ಹೊದಿಕೆ ಸರಿಪಡಿಸುವ ಕೈ ಅದು.
ನಳಿಗೆ ಅಲುಗಲಿಲ್ಲ.

"ಚೆಂದ ಇಲ್ಲ ಇದು," ಎಂದೆ.
"ಇಲ್ಲ," ಎಂದಳು. ಮತ್ತೆ ಎಳೆದಳು.

ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ:
ಒಂದು.
ಆಮೇಲೆ ಬೋಲ್ಟ್ ಹೋಗಿ ಬರುವಷ್ಟು ಹೊತ್ತು,
ಹೊಳೆಯಾಚೆ ಯಾರೋ ಒಲೆಯಿಂದ ತಲೆಯೆತ್ತಿ
ಯಾರ ಮನೆಯ ಕೂಸೋ ಎಂದು
ನಗಲು ತೊಡಗುವಷ್ಟು.
ಆಮೇಲೆ ಇನ್ನೊಂದು.

ಆಲಿಕುಟ್ಟಿ ಪೆನ್ನು ಕೊಟ್ಟ. ಬರೆದೆ.
"ತೋಟಾ ಹೊಸತು ಕೊಡು, ಶೀತ ಹಿಡಿಯದ್ದು."
"ಎಷ್ಟು?"
"ಎರಡು."
"ಎರಡೇ?"
"ತೆಂಗಿನಕಾಯಿಗೂ ಬೇಕಲ್ಲ," ಎಂದಳು ಪೊನ್ನವ್ವ,
ಪಫ್ಸಿನ ಉಳಿದರ್ಧ ಬಾಯಿಗೆ ಹಾಕುತ್ತ,
"ಒಂದು ಪೆಟ್ಟಿಗೆ ಕೊಡಿ."