ಎರಡು ಬೆರಳು ಕಡಿಮೆ

ಶಾಲೆಗೆ ಐವತ್ತು ತುಂಬಿತಂತೆ.
ಸಂಚಿಕೆಗೆ ನಿಮ್ಮ ಓಣಿಯ ಇತಿಹಾಸ, ಎರಡೇ ಪುಟ,
ಬರೆದುಕೊಡ್ರಿ ಟೀಚರ್, ಅಂದರು ಹೆಡ್‌ಮಾಸ್ತರರು.
ಗೆರೆ ಹಾಕಿದ ಹಾಳೆಗಳನ್ನೂ ಅವರೇ ಕೊಟ್ಟರು.

ಬರೆದೆ:
ಆಳಂದದ ಕಲಾಯಿಗಾರ ಓಣಿ. ಮನೆ ಇಪ್ಪತ್ತಾರು.
ಸೇದುಬಾವಿ ಒಂದು, ಬೇವಿನ ಮರ ಎರಡು,
ಮೂಲೆಯಲ್ಲಿ ಲಾಡ್ಲೇಸಾಬನ ತಿದಿ.
ಹುಣಸೆಹಣ್ಣು ಹಚ್ಚಿ ತಿಕ್ಕಿದ ಪರಾತಗಳು
ಅವನ ಮುಂದೆ ಬಾಯಿ ತೆರೆದು ಕೂತಿರುತ್ತಿದ್ದವು.
ನವಸಾಗರದ ಬಿಳಿ ಹೊಗೆ, ಅರಳೆಯ ಒಂದು ಉಜ್ಜು,
ತಾಮ್ರದ ಒಳಗೆ ಬೆಳದಿಂಗಳು.

ಬೆಳದಿಂಗಳ ಸಾಲನ್ನು ಹೊಡೆದು ಹಾಕಿದೆ.
ಇತಿಹಾಸ ಅಲ್ಲವೇ.

ನಲವತ್ತೆಂಟರ ಬೇಸಿಗೆ. ರಜಾಕಾರರು
ಮೊದಲು ಚಂದಾ ಕೇಳಿದರು, ಆಮೇಲೆ ಹಗೇವಿನ ಜೋಳ,
ಆಮೇಲೆ ಒಂದು ಬೆಳಗ್ಗೆ ಬಾವಿಕಟ್ಟೆಯ ಮೇಲೆ
ಗಾಣದ ಮಡಿವಾಳಪ್ಪ, ಕೊಡ ಹಿಡಿದವರೆಲ್ಲ ಹಿಂದೆ ಸರಿಯುವ ಹಾಗೆ.
ಅದೇ ರಾತ್ರಿ ಹದಿನೇಳು ಮನೆ ಕೀಲಿ ಹಾಕಿ
ವಾಗ್ದರಿ ದಾಟಿ ಅಕ್ಕಲಕೋಟದ ಕಡೆ ನಡೆದವು.
ಆಯಿಯ ಬಗಲಲ್ಲಿ ಅಪ್ಪ. ಅತ್ತಾನು ಅಂತ
ಬಾಯಲ್ಲಿ ಬೆಲ್ಲದ ಹೆಂಟೆ.
ಕೀಲಿಕೈ ಮಾತ್ರ ಯಾರೂ ಒಯ್ಯಲಿಲ್ಲ.

ಲಾಡ್ಲೇಸಾಬ ಹದಿನೇಳನ್ನೂ ಒಂದೇ ಸುತಳಿಗೆ ಪೋಣಿಸಿದ.
ಬಾಗಿಲು ಬಾಗಿಲಿಗೆ ಹಸಿರು ಬಟ್ಟೆ ಕಟ್ಟಿದ,
ಅಂಗಳಕ್ಕೆ ತನ್ನ ಕೋಳಿ ಬಿಟ್ಟ,
ಹಗ್ಗದ ಮೇಲೆ ರಾಬಿಯಾಬಿಯ ಓಢಣಿ ಒಣಹಾಕಿದ,
ಹೊತ್ತು ಮುಳುಗಿದರೆ ಮನೆ ಮನೆಗೆ ಹೋಗಿ ಚಿಮಣಿ ಹಚ್ಚಿದ.
ಬಂದೂಕಿನವರು ಬಂದು, ಇವು ಯಾರ ಮನೆ ಅಂದರೆ
‘ನಮ್ಮವರವೇ’ ಅಂದ.

ಅಂವ ಸುಳ್ಳು ಹೇಳಿದ್ದಿಲ್ಲ, ಅಂತಾಳೆ ಆಯಿ.

ಭಾದ್ರಪದದಲ್ಲಿ ಮಿಲಿಟರಿ ಬಂತು, ನಿಜಾಮನದು ಮುಗಿಯಿತು.
ತಿರುಗಿ ಬಂದವರಿಗೆ ಒಂದೊಂದಾಗಿ ಎಣಿಸಿ ಕೀಲಿ ಕೊಟ್ಟ.
ಆಯಿ ಒಳಗೆ ಹೋಗಿ ನೋಡಿದರೆ
ಕೊಡ, ಹಂಡೆ, ಪರಾತ, ಎಲ್ಲದಕ್ಕೂ ಹೊಸ ಕಲಾಯಿ.
‘ಕೈಗಿ ಕೆಲಸಿದ್ದಿಲ್ಲವ್ವಾ. ಮಜೂರಿ ಸುಗ್ಗಿಗಿ ಕೊಡೀರಂತ.’

ಇಲ್ಲಿಗೆ ಒಂದು ಪುಟ ತುಂಬಿತು.

ಎರಡನೆಯದಕ್ಕೆ ಮನೆ ಮನೆ ತಿರುಗಿದೆ.
ಮೋನಪ್ಪ ಬಡಿಗೇರರ ಮಗ ರಂದ ನಿಲ್ಲಿಸಿ ಹೇಳಿದ:
ಅಂದು ಅಪ್ಪ ಖಜೂರಿಗಿ ಹೋಗಿದ್ದ ನೋಡ್ರಿ.
ಕಿರಾಣಿ ರೇವಣಸಿದ್ದಯ್ಯ: ನಮ್ಮಪ್ಪಗ ಜ್ವರ.
ಇಡೀ ಓಣಿ ಆ ರಾತ್ರಿ
ಓಣಿಯಲ್ಲಿ ಇರಲೇ ಇಲ್ಲ.
ಹೊರಗಿನ ಮಂದಿ ಬಂದಿದ್ದರಂತೆ.
ಇಪ್ಪತ್ತಾರರಲ್ಲಿ ಒಂಬತ್ತು ಯಾವುವು ಅಂತ
ಕತ್ತಲಲ್ಲೂ ಹೊರಗಿನ ಮಂದಿಗೆ ಗೊತ್ತಿತ್ತಂತೆ.
ಆ ವರ್ಷದ ಮೊಹರಂಗೆ
ಅಲಾಯಿ ಕುಣಿ ಕಡಿಯುವವರು ಯಾರೂ ಉಳಿದಿರಲಿಲ್ಲ.
ಮುತ್ಯಾ ಎಲ್ಲಿದ್ದ, ಆಯಿ?
ಆಯಿ ತೊಗರಿಯಲ್ಲಿ ಕಲ್ಲು ಹುಡುಕಿದಳು.

ನಮ್ಮ ಅಡುಗೆಮನೆಯ ಬಾಗಿಲು
ಚೌಕಟ್ಟಿಗೆ ಎರಡು ಬೆರಳು ಕಡಿಮೆ.
ಹುಟ್ಟಿದಾಗಿನಿಂದ ನೋಡಿದ್ದೇನೆ:
ಆ ಸಂದಿನಿಂದ ಬೆಕ್ಕಿನ ಕಾಲು, ಚಳಿ, ಒಗ್ಗರಣೆಯ ಹೊಗೆ.
ಪಟ್ಟಿ ಬಡಿದು ಕೊಡತೀನಿ ಅಂತ ಬಡಿಗೇರ ಬಂದಾಗೆಲ್ಲ
ಇರಲಿ ಬಿಡು ಅಂತಾಳೆ ಆಯಿ.
ಆ ಬಾಗಿಲನ್ನು ಮುತ್ಯಾ ಹೊತ್ತು ತಂದಿದ್ದು, ಗೊತ್ತು.
ಎಲ್ಲಿಂದ ಅಂತ ನಮ್ಮ ಮನೆಯಲ್ಲಿ
ಯಾರೂ ಯಾರನ್ನೂ ಕೇಳಿಲ್ಲ.

ಮೊನ್ನೆ ದೀಪಾವಳಿಗೆ ಬಣ್ಣ ಕೆರೆದೆ.
ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಬರೀ ತೇಗ.
ತೇಗದ ಮೇಲೆ ಉಳಿಯಲ್ಲಿ ಕೊರೆದ ಗೀಟುಗಳು.
ಅಕ್ಷರ ಬಾರದವನ ಉದ್ರಿ ಲೆಕ್ಕ:
ಒಂದು ಬೇವಿನೆಲೆಯ ಗುರುತು (ಬೇವಿನ ಕೆಳಗಿನ ಮನೆ, ಅಂದರೆ ನಾವು),
ಅದರ ಮುಂದೆ ಪುಟ್ಟ ಕೊಡದ ಚಿತ್ರ, ಆಮೇಲೆ ಗೀಟು, ಗೀಟು.
ಹನ್ನೊಂದು ಎಣಿಸಿದೆ.

ಸಂಚಿಕೆ ಬಂದಿದೆ. ನನ್ನದು ಒಂದೇ ಪುಟ.
ಮಿಕ್ಕ ಪುಟಕ್ಕೆ ಸಿಮೆಂಟಿನ ಜಾಹೀರಾತು ಹಾಕಿದ್ದಾರೆ.

ಆಗ ಕಲಾಯಿಗೆ ಏನು ದರ ಇತ್ತು, ಆಯಿ?
‘ಕೊಡಕ್ಕ ಎರಡಾಣೆ, ಹಾಲಿ ಸಿಕ್ಕಾ’ ಅಂದಳು,
ಒಲೆಯಿಂದ ಮುಖ ಎತ್ತದೆ,
ಅಷ್ಟು ಬೇಗ,
ದಿನಾ ಲೆಕ್ಕ ಹಾಕುವವಳ ಹಾಗೆ.